ಓದುಗರ ಪ್ರಶ್ನೆ: ಕಾರ್ಖಾನೆಯಲ್ಲಿ ಗಾಯವಾದರೆ ಏನು ಬರೆಯಬೇಕು, ಯಾರಿಗೆ ತಿಳಿಸಬೇಕು?

ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದ ಮೇಲೆ ಕೆಲಸದ ಸ್ಥಳದ ಸುರಕ್ಷತೆ ಮತ್ತು ಅಪಘಾತಗಳ ದಾಖಲೆಯ ಬಗ್ಗೆ ಓದುಗರಿಂದ ಪತ್ರಗಳು ಬರುತ್ತಿವೆ. ಮಾಲೀಕರು, ಮಾನವ ಸಂಪನ್ಮೂಲ ವಿಭಾಗದವರು, ಕಾರ್ಮಿಕರು, ಕಾರ್ಮಿಕರ ಮನೆಯವರು ಎಲ್ಲರೂ ಬರೆದಿದ್ದಾರೆ. ಅವುಗಳಲ್ಲಿ ಕೆಲವನ್ನು ಇಲ್ಲಿ ಆರಿಸಿಕೊಂಡಿದ್ದೇವೆ. ಪತ್ರ ಬರೆದವರ ಮತ್ತು ಸಂಸ್ಥೆಗಳ ಹೆಸರುಗಳನ್ನು ಬಿಟ್ಟಿದ್ದೇವೆ.

ಪ್ರಶ್ನೆ: ಪೀಣ್ಯದಲ್ಲಿ ನನ್ನದೊಂದು ಶೀಟ್ ಮೆಟಲ್ ಘಟಕವಿದೆ. ಪವರ್ ಪ್ರೆಸ್, ಶಿಯರಿಂಗ್, ವೆಲ್ಡಿಂಗ್ ಎಲ್ಲ ಸೇರಿ 28 ಜನ ಕೆಲಸಗಾರರಿದ್ದಾರೆ. ನಮ್ಮ ಲೆಕ್ಕಪತ್ರ ನೋಡಿಕೊಳ್ಳುವವರು, ಫ್ಯಾಕ್ಟರೀಸ್ ಆಕ್ಟ್ ರದ್ದಾಗಿದೆ, ಹಳೆಯ ರಿಜಿಸ್ಟರುಗಳನ್ನು ಇನ್ನು ಬರೆಯಬೇಕಾಗಿಲ್ಲ ಎನ್ನುತ್ತಾರೆ. ಪಕ್ಕದ ಘಟಕದಲ್ಲಿ 14 ಜನ ಮಾತ್ರ ಇದ್ದಾರೆ. ತಮಗೆ ಇನ್ನು ಯಾವ ಕಾನೂನೂ ಅನ್ವಯಿಸುವುದಿಲ್ಲ ಎಂದು ಅವರು ನಂಬಿದ್ದಾರೆ. ಯಾವುದು ಸರಿ?

ಉತ್ತರ: ಎರಡೂ ಸರಿಯಲ್ಲ. ವೃತ್ತಿ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ, 2020 ಎಂಬ ಕಾನೂನು 2025ರ ನವೆಂಬರ್ 21ರಂದು ಉಳಿದ ಮೂರು ಕಾರ್ಮಿಕ ಸಂಹಿತೆಗಳ ಜೊತೆಗೆ ಜಾರಿಗೆ ಬಂದಿತು. 1948ರ ಕಾರ್ಖಾನೆಗಳ ಕಾಯ್ದೆಯ ಜಾಗದಲ್ಲಿ ಈಗ ಇರುವುದು ಅದೇ. ಆದರೆ ಹಳೆಯ ಕಾಯ್ದೆಗಳನ್ನು ರದ್ದುಪಡಿಸುವ ಕಲಮಿನಲ್ಲಿಯೇ, ಅವುಗಳ ಅಡಿಯಲ್ಲಿ ರಚಿತವಾದ ನಿಯಮಗಳು ಮತ್ತು ಅಧಿಸೂಚನೆಗಳು ಸಂಹಿತೆಗೆ ವಿರುದ್ಧವಾಗದ ಮಟ್ಟಿಗೆ ಮುಂದುವರಿಯುತ್ತವೆ ಎಂದು ಹೇಳಲಾಗಿದೆ. ಆದ್ದರಿಂದ ಕರ್ನಾಟಕ ಕಾರ್ಖಾನೆಗಳ ನಿಯಮಗಳು, 1969 ಇವುಗಳ ಅಡಿಯಲ್ಲಿ ನೀವು ಬರೆಯುತ್ತಿದ್ದ ರಿಜಿಸ್ಟರನ್ನು ಮುಚ್ಚಬೇಕಾದರೆ, ಅದರ ಬದಲಿಗೆ ಬರುವ ನಿಯಮವನ್ನು ರಾಜ್ಯ ಸರ್ಕಾರ ಅಧಿಸೂಚನೆಯ ಮೂಲಕ ಹೊರಡಿಸಿ, ಅದು ಜಾರಿಗೆ ಬಂದಿರಬೇಕು. ಸಾಮಾನ್ಯವಾಗಿ ಖಾಸಗಿ ಕಾರ್ಖಾನೆಗಳಿಗೆ ಸಂಬಂಧಿಸಿದ ಸರ್ಕಾರವೆಂದರೆ ರಾಜ್ಯ ಸರ್ಕಾರವೇ. ದೆಹಲಿಯಲ್ಲಿ ಪ್ರಕಟವಾಗುವ ಕೇಂದ್ರ ನಿಯಮಗಳ ಕರಡನ್ನು ನೋಡಿ ಪೀಣ್ಯದ ಘಟಕ ತನ್ನ ಪುಸ್ತಕಗಳನ್ನು ಬದಲಿಸಬೇಕಾಗಿಲ್ಲ. ಕರಡು ಎಂಬುದು ಆಕ್ಷೇಪಣೆ ಆಹ್ವಾನಿಸಲು ಹೊರಡಿಸುವ ಪತ್ರ. ಅಂತಿಮ ಅಧಿಸೂಚನೆ ರಾಜ್ಯಪತ್ರದಲ್ಲಿ ಬಂದ ದಿನದಿಂದ, ಅಥವಾ ಅದರಲ್ಲಿ ನಮೂದಿಸಿದ ದಿನದಿಂದ, ನಿಯಮ ಕಟ್ಟುತ್ತದೆ. ಇವೆರಡನ್ನು ಬೇರ್ಪಡಿಸಿ ನೋಡುವ ಅಭ್ಯಾಸವಿದ್ದರೆ, ವಾಟ್ಸ್ಆ್ಯಪಿನಲ್ಲಿ ಬರುವ ಅರ್ಧಕ್ಕಿಂತ ಹೆಚ್ಚು ಗೊಂದಲ ತಾನಾಗಿಯೇ ಕಳೆಯುತ್ತದೆ.

ನಿಮ್ಮ ಪಕ್ಕದ ಘಟಕದವರ ಮಾತಿನಲ್ಲಿ ಸ್ವಲ್ಪ ನಿಜವಿದೆ. ಹಳೆಯ ಕಾಯ್ದೆಯಲ್ಲಿ ವಿದ್ಯುತ್ ಬಳಸುವ ಕಡೆ 10 ಜನ, ಬಳಸದ ಕಡೆ 20 ಜನ ಇದ್ದರೆ ಅದು ಕಾರ್ಖಾನೆ ಎನಿಸುತ್ತಿತ್ತು. ಹೊಸ ಸಂಹಿತೆ ಆ ಮಿತಿಯನ್ನು 20 ಮತ್ತು 40ಕ್ಕೆ ಏರಿಸಿದೆ. 14 ಜನರ ಘಟಕ ಈ ಲೆಕ್ಕದಲ್ಲಿ ಕಾರ್ಖಾನೆಯಲ್ಲದಿರಬಹುದು. ಆದರೆ 10 ಅಥವಾ ಹೆಚ್ಚು ಕೆಲಸಗಾರರಿರುವ ಯಾವುದೇ ಉದ್ದಿಮೆ, ವ್ಯಾಪಾರ, ತಯಾರಿಕೆಯ ಸ್ಥಳ ಸಂಹಿತೆಯ ಪ್ರಕಾರ ಒಂದು ಸಂಸ್ಥೆ. ಮಾಲೀಕನ ಕರ್ತವ್ಯಗಳು, ಅಪಘಾತವನ್ನು ತಿಳಿಸುವ ಹೊಣೆ, ಕಾರ್ಮಿಕನ ಮಾಹಿತಿ ಪಡೆಯುವ ಹಕ್ಕು ಇವೆಲ್ಲ ಸಂಸ್ಥೆಗೂ ಅನ್ವಯಿಸುತ್ತವೆ. ಮಿತಿ ಏರಿದ್ದರಿಂದ ಸಣ್ಣ ಘಟಕಗಳ ಮೇಲಿನ ನಿಗಾ ಸಡಿಲವಾಗುತ್ತದೆ ಎಂಬ ಆತಂಕ ನನಗೂ ಇದೆ, ಏಕೆಂದರೆ ಪವರ್ ಪ್ರೆಸ್ಸಿನ ಅಪಾಯ ಅಲ್ಲಿ ಎಷ್ಟು ಜನ ದುಡಿಯುತ್ತಾರೆ ಎಂಬುದನ್ನು ಅವಲಂಬಿಸಿಲ್ಲ. ಆದರೆ ನಿಗಾ ಸಡಿಲವಾದ ಮಾತ್ರಕ್ಕೆ ಹೊಣೆ ಇಲ್ಲವಾಗುವುದಿಲ್ಲ.

ದಂಡದ ವಿಷಯವನ್ನೂ ನಿಮ್ಮ ಲೆಕ್ಕಿಗರಿಗೆ ತೋರಿಸಿ. ಹಳೆಯ ಕಾಯ್ದೆಯಲ್ಲಿ ಸುರಕ್ಷತೆಯ ಅಧ್ಯಾಯದ ಉಲ್ಲಂಘನೆಯಿಂದ ಸಾವು ಸಂಭವಿಸಿದರೆ ದಂಡ 25,000 ರೂಪಾಯಿಗಿಂತ ಕಡಿಮೆ ಇರಬಾರದು ಎಂದಿತ್ತು. ಹೊಸ ಸಂಹಿತೆಯಲ್ಲಿ ಕರ್ತವ್ಯಲೋಪದಿಂದ ಸಾವಾದರೆ ಎರಡು ವರ್ಷದವರೆಗೆ ಸೆರೆವಾಸ, ಅಥವಾ 5 ಲಕ್ಷ ರೂಪಾಯಿಗಿಂತ ಕಡಿಮೆಯಲ್ಲದ ದಂಡ, ಅಥವಾ ಎರಡೂ. ಗಂಭೀರ ಗಾಯವಾದರೆ ಒಂದು ವರ್ಷದವರೆಗೆ ಸೆರೆವಾಸ, ಅಥವಾ 2 ಲಕ್ಷದಿಂದ 4 ಲಕ್ಷದವರೆಗೆ ದಂಡ, ಅಥವಾ ಎರಡೂ. ಆ ದಂಡದಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದ ಮೊತ್ತವನ್ನು ಗಾಯಗೊಂಡವನಿಗೋ ಅವನ ವಾರಸುದಾರರಿಗೋ ಪರಿಹಾರವಾಗಿ ಕೊಡಿಸಲು ನ್ಯಾಯಾಲಯಕ್ಕೆ ಅಧಿಕಾರವಿದೆ. ಈ ಒಂದು ಬದಲಾವಣೆಯನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ.

ನಿಯಮಗಳ ಬದಲಾವಣೆಯನ್ನು ಗಮನಿಸುತ್ತಿರಲು ಸಣ್ಣ ಘಟಕಕ್ಕೆ ಸಲಹೆಗಾರರೇ ಬೇಕೆಂದಿಲ್ಲ. ಒಬ್ಬ ವ್ಯಕ್ತಿಗೆ ಈ ಕೆಲಸವನ್ನು ಹೆಸರಿಟ್ಟು ವಹಿಸಿ. ಅವರು ತಿಂಗಳಿಗೊಮ್ಮೆ ಕರ್ನಾಟಕ ರಾಜ್ಯಪತ್ರವನ್ನು, ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಯ ಜಾಲತಾಣವನ್ನು ಮತ್ತು ನೌಕರರ ರಾಜ್ಯ ವಿಮಾ (ಇಎಸ್‌ಐ) ನಿಗಮದ ಸುತ್ತೋಲೆಗಳನ್ನು ನೋಡಲಿ. ನೋಡಿದ ದಿನಾಂಕ, ಸಿಕ್ಕಿದ್ದು, ಅದರಿಂದ ಘಟಕದಲ್ಲಿ ಬದಲಾಗಬೇಕಾದದ್ದು ಇಷ್ಟನ್ನು ಒಂದು ಪುಸ್ತಕದಲ್ಲಿ ಬರೆಯಲಿ. ಏನೂ ಸಿಗದಿದ್ದರೆ ಏನೂ ಇಲ್ಲ ಎಂದೇ ಬರೆಯಲಿ. ಸಂದೇಹವಿದ್ದರೆ ನಿಮ್ಮ ವಲಯದ ಕಾರ್ಖಾನೆಗಳ ಉಪನಿರ್ದೇಶಕರಿಗೆ ಲಿಖಿತವಾಗಿ ಕೇಳಿ, ಉತ್ತರವನ್ನು ಕಡತದಲ್ಲಿಡಿ.

ಪ್ರಶ್ನೆ: ತುಮಕೂರಿನ ವಸಂತನರಸಾಪುರದ ಒಂದು ಕಾರ್ಖಾನೆಯಲ್ಲಿ ನಾನು ಮಾನವ ಸಂಪನ್ಮೂಲ ವಿಭಾಗದಲ್ಲಿದ್ದೇನೆ. ಶುಕ್ರವಾರ ಸಂಜೆ ನಾಲ್ಕಕ್ಕೆ ಪ್ರೆಸ್ಸಿನಲ್ಲಿ ಒಬ್ಬ ಹುಡುಗನ ಬೆರಳು ಸಿಕ್ಕಿ ತುದಿ ತುಂಡಾಯಿತು. ಶನಿವಾರ ಬೆಳಿಗ್ಗೆ ಸೂಪರ್‌ವೈಸರ್ ಅವನನ್ನು ಗಾಡಿ ಕಳಿಸಿ ಕರೆಸಿ, ಸ್ಟೋರಿನಲ್ಲಿ ಕೂರಿಸಿ ಹಾಜರಿ ಹಾಕಿಸಿದರು. ಭಾನುವಾರ ವಾರದ ರಜೆ. 48 ಗಂಟೆ ಕೆಲಸ ತಪ್ಪಿಲ್ಲವಾದ್ದರಿಂದ ಇಲಾಖೆಗೆ ತಿಳಿಸಬೇಕಾಗಿಲ್ಲ ಎಂಬುದು ಅವರ ವಾದ. ಇದು ಒಪ್ಪುವಂಥದ್ದೇ?

ಉತ್ತರ: ಒಪ್ಪುವಂಥದ್ದಲ್ಲ, ಮತ್ತು ನಿಮ್ಮ ಮನಸ್ಸಿಗೂ ಅದು ಸರಿಯೆನಿಸದ್ದರಿಂದಲೇ ನೀವು ಪತ್ರ ಬರೆದಿದ್ದೀರಿ ಎಂದುಕೊಳ್ಳುತ್ತೇನೆ. ಸಾವು ಸಂಭವಿಸಿದರೆ, ಅಥವಾ ಅಪಘಾತವಾದ ಕೂಡಲೇ ಮುಂದಿನ 48 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಕಾಲ ಕೆಲಸ ಮಾಡಲಾಗದಂಥ ಗಾಯವಾದರೆ ತಿಳಿಸಬೇಕು ಎಂಬುದು 1948ರ ಕಾಯ್ದೆಯ 88ನೆಯ ಕಲಮಿನಲ್ಲಿತ್ತು. ಹೊಸ ಸಂಹಿತೆಯೂ ಅದೇ ಅಳತೆಯನ್ನು ಉಳಿಸಿಕೊಂಡಿದೆ. ಕಾನೂನು ಹೇಳುವುದು ಗಂಟೆಗಳನ್ನು, ಪಾಳಿಗಳನ್ನಲ್ಲ. ವಾರದ ರಜೆಯನ್ನು ಕಳೆಯಿರಿ ಎಂದು ಅದು ಎಲ್ಲಿಯೂ ಹೇಳಿಲ್ಲ. ಶುಕ್ರವಾರ ಸಂಜೆ ನಾಲ್ಕರಿಂದ 48 ಗಂಟೆ ಭಾನುವಾರ ಸಂಜೆ ನಾಲ್ಕಕ್ಕೆ ಮುಗಿಯುತ್ತದೆ. ಆ ಅವಧಿಯಲ್ಲಿ ಅವನು ತನ್ನ ಕೆಲಸ ಮಾಡಬಲ್ಲ ಸ್ಥಿತಿಯಲ್ಲಿದ್ದನೇ ಎಂಬುದಷ್ಟೇ ಪ್ರಶ್ನೆ, ಅವನ ಹೆಸರಿನ ಮುಂದೆ ಹಾಜರಿ ಬಿತ್ತೇ ಎಂಬುದಲ್ಲ. ಬ್ಯಾಂಡೇಜು ಕಟ್ಟಿದ ಕೈಯಲ್ಲಿ ಸ್ಟೋರಿನ ಕುರ್ಚಿಯ ಮೇಲೆ ಕೂತದ್ದು ಪ್ರೆಸ್ ಆಪರೇಟರನ ಕೆಲಸವಲ್ಲ.

ಇದರಿಂದ ಆ ಹುಡುಗನಿಗೆ ಆಗುವ ನಷ್ಟವನ್ನೂ ನೋಡಿ. ಅವನು ಇಎಸ್‌ಐ ವಿಮಾದಾರನಾಗಿದ್ದರೆ, ಅಪಘಾತದ ದಿನ ಬಿಟ್ಟು ಕನಿಷ್ಠ ಮೂರು ದಿನ ಕೆಲಸ ಮಾಡಲಾಗದಿದ್ದಾಗ ಕೂಲಿಯ ಸುಮಾರು ಶೇ. 90ರಷ್ಟು ತಾತ್ಕಾಲಿಕ ಅಂಗವೈಕಲ್ಯದ ನೆರವು ಅವನಿಗೆ ಸಿಗುತ್ತದೆ. ಇದಕ್ಕೆ ಇಷ್ಟು ತಿಂಗಳ ವಂತಿಗೆ ಕಟ್ಟಿರಬೇಕೆಂಬ ಷರತ್ತಿಲ್ಲ. ಕೆಲಸಕ್ಕೆ ಸೇರಿದ ಮೊದಲ ದಿನವೇ ಗಾಯವಾದರೂ ಸಿಗುತ್ತದೆ. ಆದರೆ ಯಾವ ದಿನ ಅವನು ಕೆಲಸ ಮಾಡಿದನೆಂದು ದಾಖಲೆ ಹೇಳುತ್ತದೆಯೋ ಆ ದಿನಕ್ಕೆ ಈ ನೆರವಿಲ್ಲ. ವಿಶ್ರಾಂತಿಯೂ ಇಲ್ಲ, ನೆರವೂ ಇಲ್ಲ ಎಂಬ ಸ್ಥಿತಿಗೆ ಅವನನ್ನು ತಳ್ಳಿದಂತಾಯಿತು. ವೈದ್ಯರು ಇಂಥ ಹಗುರ ಕೆಲಸ ಮಾಡಬಹುದು ಎಂದು ಬರೆದುಕೊಟ್ಟು, ಆ ಕೆಲಸ ನಿಜವಾಗಿ ಇದ್ದು, ಅವನೂ ಒಪ್ಪಿದ್ದರೆ ಆ ಮಾತೇ ಬೇರೆ.

ಇಎಸ್‌ಐ ಲೆಕ್ಕದಲ್ಲಿ 48 ಗಂಟೆಯ ಅಳತೆಯೇ ಇಲ್ಲ ಎಂಬುದನ್ನು ಬಹಳ ಮಂದಿ ಮರೆಯುತ್ತಾರೆ. ಕೆಲಸದ ಸಂಬಂಧದಲ್ಲಿ ಆದ ಗಾಯವನ್ನು ನಮೂನೆ 11ರ ಅಪಘಾತ ಪುಸ್ತಕದಲ್ಲಿ ಬರೆಯಬೇಕು. ನಮೂನೆ 12ರ ವರದಿಯನ್ನು 24 ಗಂಟೆಯೊಳಗೆ, ಸಾವು ಅಥವಾ ಅಂಗನಷ್ಟದ ಸಂಭವವಿದ್ದರೆ ತಕ್ಷಣವೇ, ಸಲ್ಲಿಸಬೇಕು. ಪುಸ್ತಕ ತುಂಬಿದ ಮೇಲೂ ಕೊನೆಯ ನಮೂದಿನ ದಿನಾಂಕದಿಂದ ಐದು ವರ್ಷ ಕಾಪಾಡಬೇಕು. ಈ ಪುಸ್ತಕದಲ್ಲಿ ಗಾಯಾಳುವಿನ ಹೆಸರು, ವಿಮಾ ಸಂಖ್ಯೆ, ದಿನಾಂಕ, ವೇಳೆ, ಸ್ಥಳ, ಇಬ್ಬರು ಸಾಕ್ಷಿಗಳ ವಿವರ ಇವುಗಳ ಜೊತೆಗೆ, ಅಪಘಾತದ ಹೊತ್ತಿನಲ್ಲಿ ಅವನು ನಿಖರವಾಗಿ ಏನು ಮಾಡುತ್ತಿದ್ದ ಎಂಬ ಒಂದು ಅಂಕಣವಿದೆ. ಎಷ್ಟೋ ಕಡೆ ಈ ಅಂಕಣದಲ್ಲಿ ‘ಕಾರ್ಮಿಕನ ಅಜಾಗರೂಕತೆಯಿಂದ ಬೆರಳಿಗೆ ಗಾಯ’ ಎಂಬ ಒಂದೇ ಸಾಲು ಕಾಣಿಸುತ್ತದೆ. ಅದು ತೀರ್ಪು, ದಾಖಲೆಯಲ್ಲ. ಹೀಗೆ ಬರೆದು ನೋಡಿ: ‘ಎರಡನೆಯ ಸಾಲಿನ ಪ್ರೆಸ್ಸಿನಲ್ಲಿ ಬ್ರಾಕೆಟ್ ಒತ್ತುತ್ತಿದ್ದಾಗ ಡೈನಲ್ಲಿ ಸಿಕ್ಕಿಕೊಂಡ ತುಂಡನ್ನು ಎಡಗೈಯಿಂದ ತೆಗೆಯಲು ಹೋದರು, ಅದೇ ಹೊತ್ತಿಗೆ ಪಾದ ಪೆಡಲಿನ ಮೇಲೆ ಬಿದ್ದು ರ‍್ಯಾಮ್ ಇಳಿಯಿತು, ಎಡಗೈ ತೋರುಬೆರಳಿನ ತುದಿಯ ಗೆಣ್ಣು ತುಂಡಾಯಿತು, ಡೈ ಬದಲಿಸುವಾಗ ತೆಗೆದ ಮುಂದಿನ ಗಾರ್ಡನ್ನು ಮರಳಿ ಹಾಕಿರಲಿಲ್ಲ, ತುಂಡು ತೆಗೆಯುವ ಇಕ್ಕಳ ಆ ಪ್ರೆಸ್ಸಿನ ಬಳಿ ಇರಲಿಲ್ಲ.’ ಇಷ್ಟು ಬರೆದರೆ ಮರುದಿನ ಏನು ಮಾಡಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ: ಗಾರ್ಡ್ ಹಾಕದೆ ಪ್ರೆಸ್ ಓಡದಂತೆ ಇಂಟರ್‌ಲಾಕ್, ಪೆಡಲಿನ ಬದಲು ಎರಡೂ ಕೈಯಿಂದ ಒತ್ತುವ ಬಟನ್, ಒಂದು ಇಕ್ಕಳ.

ಎಡಗೈಯೋ ಬಲಗೈಯೋ, ಯಾವ ಬೆರಳು, ಎಷ್ಟನೆಯ ಗೆಣ್ಣು ಎಂಬುದನ್ನು ಅಷ್ಟು ವಿವರವಾಗಿ ಬರೆಯಬೇಕೆನ್ನುವುದಕ್ಕೆ ಇನ್ನೊಂದು ಕಾರಣವಿದೆ. ನೌಕರರ ಪರಿಹಾರ ಕಾಯ್ದೆಯ ಕಾಲದಿಂದ ಬಂದ ಅನುಸೂಚಿಯಲ್ಲಿ ತೋರುಬೆರಳು ಪೂರ್ತಿ ಹೋದರೆ ಗಳಿಕೆಯ ಸಾಮರ್ಥ್ಯದ ನಷ್ಟ ಶೇ. 14, ಎರಡು ಗೆಣ್ಣು ಹೋದರೆ ಶೇ. 11, ಒಂದು ಹೋದರೆ ಶೇ. 9, ಮೂಳೆಗೆ ತಗಲದೆ ತುದಿ ಮಾತ್ರ ಕತ್ತರಿಸಿದರೆ ಶೇ. 5. ಹೆಬ್ಬೆರಳಿಗೆ ಶೇ. 30. ಇಪ್ಪತ್ತರ ಹರೆಯದವನಿಗೆ ಈ ಶೇಕಡಾವಾರಿನ ವ್ಯತ್ಯಾಸ ಇಡೀ ಬದುಕಿನ ಲೆಕ್ಕ. ‘ಬೆರಳಿಗೆ ಗಾಯ’ ಎಂದಷ್ಟೇ ಬರೆದ ಪುಸ್ತಕ ಅವನ ಪರವಾಗಿ ಮಾತನಾಡಲಾರದು.

ಈಗಲೂ ತಡವಾಗಿಲ್ಲ. ನಡೆದದ್ದನ್ನು ನಡೆದಂತೆ ಬರೆದು, ಶನಿವಾರದ ಹಾಜರಿಯನ್ನು ಅಳಿಸದೆ ಅದರ ಪಕ್ಕದಲ್ಲಿ ದಿನಾಂಕ ಸಹಿತ ವಿವರಣೆ ಕೊಟ್ಟು, ತಡವಾದ ಕಾರಣದೊಂದಿಗೆ ಇಲಾಖೆಗೂ ಇಎಸ್‌ಐ ಶಾಖಾ ಕಚೇರಿಗೂ ವರದಿ ಸಲ್ಲಿಸಿ.

ಪ್ರಶ್ನೆ: ಬೊಮ್ಮಸಂದ್ರದ ನಮ್ಮ ಕಾರ್ಖಾನೆಯ ಮಾತೃಸಂಸ್ಥೆ ಅಮೆರಿಕದಲ್ಲಿದೆ. ನಾವು ಇಲ್ಲಿನ ಕಾನೂನಿನಂತೆ ವರ್ಷಕ್ಕೆ ಒಂದು ಅಪಘಾತ ಎಂದು ತೋರಿಸಿದರೆ, ಅವರ ಲೆಕ್ಕದಲ್ಲಿ ಅದು ಮೂರಾಗುತ್ತದೆ. ನಾವು ಮುಚ್ಚಿಟ್ಟಿದ್ದೇವೆ ಎಂಬ ಅನುಮಾನ ಅವರಿಗೆ. ಯಾವ ಲೆಕ್ಕ ಸರಿ?

ಉತ್ತರ: ಎರಡೂ ಸರಿ, ಅಳತೆಗೋಲು ಬೇರೆ. ಅಮೆರಿಕದಲ್ಲಿ ಕೆಲಸದ ಸ್ಥಳದ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆಯಾದ ಒಎಸ್‌ಎಚ್‌ಎಯ ನಿಯಮದಲ್ಲಿ ಕೆಲಸ ತಪ್ಪಿದ್ದು ಮಾತ್ರವಲ್ಲ, ಕೆಲಸ ಬದಲಿಸಿಕೊಟ್ಟದ್ದು, ಪ್ರಥಮ ಚಿಕಿತ್ಸೆಯನ್ನು ಮೀರಿದ ಚಿಕಿತ್ಸೆ ಕೊಟ್ಟದ್ದು ಇವೂ ದಾಖಲಾಗಬೇಕು. ಗಾಯಕ್ಕೆ ಹೊಲಿಗೆ ಹಾಕಿದರೆ ಅದು ಚಿಕಿತ್ಸೆ, ಲೆಕ್ಕಕ್ಕೆ ಬರುತ್ತದೆ. ಅಂಟುಪಟ್ಟಿ ಹಚ್ಚಿ ಟಿಟಿ ಚುಚ್ಚುಮದ್ದು ಕೊಟ್ಟರೆ ಅದು ಪ್ರಥಮ ಚಿಕಿತ್ಸೆ, ಬರುವುದಿಲ್ಲ. ಹಿಂದಿನ ಪ್ರಶ್ನೆಯ ಹುಡುಗನನ್ನು ಸ್ಟೋರಿನಲ್ಲಿ ಕೂರಿಸಿದ್ದರೂ ಅಲ್ಲಿ ಅದು ನಮೂನೆ 300ರಲ್ಲಿ ಏಳು ದಿನದೊಳಗೆ ದಾಖಲಾಗುತ್ತಿತ್ತು. ಬೆರಳು ತುಂಡಾದದ್ದರಿಂದ 24 ಗಂಟೆಯೊಳಗೆ ಸರ್ಕಾರಕ್ಕೆ ತಿಳಿಸಲೂ ಬೇಕಾಗುತ್ತಿತ್ತು. ವರ್ಷದ ಸಾರಾಂಶವಾದ ನಮೂನೆ 300ಎ ಅನ್ನು ಫೆಬ್ರವರಿ 1ರಿಂದ ಏಪ್ರಿಲ್ 30ರವರೆಗೆ ಕಾರ್ಮಿಕರೆಲ್ಲ ನೋಡುವಂತೆ ಗೋಡೆಗೆ ಹಾಕುವ ಪದ್ಧತಿಯೂ ಅಲ್ಲಿದೆ. ಇಲ್ಲಿ ಹಾಗೆ ಹಾಕಬಾರದೆಂದು ಯಾವ ಕಾನೂನೂ ಹೇಳಿಲ್ಲ. ಹಾಕಿ ನೋಡಿ ಎನ್ನುತ್ತೇನೆ.

ಭಾಗಾಕಾರವೂ ಬೇರೆ. ಅವರು ದಾಖಲಾರ್ಹ ಪ್ರಕರಣಗಳನ್ನು 2 ಲಕ್ಷ ಕೆಲಸದ ಗಂಟೆಗೆ ಲೆಕ್ಕ ಹಾಕುತ್ತಾರೆ, ಅಂದರೆ 100 ಜನ ವಾರಕ್ಕೆ 40 ಗಂಟೆಯಂತೆ 50 ವಾರ ದುಡಿದಷ್ಟು. ನಮ್ಮ ಭಾರತೀಯ ಮಾನಕ ಐಎಸ್ 3786 ಕೆಲಸ ತಪ್ಪಿದ ಗಾಯಗಳನ್ನು 10 ಲಕ್ಷ ಗಂಟೆಗೆ ಲೆಕ್ಕ ಹಾಕುತ್ತದೆ. ನಿಮ್ಮಲ್ಲಿ ವರ್ಷಕ್ಕೆ 6 ಲಕ್ಷ ಗಂಟೆ ಕೆಲಸ ನಡೆದಿದೆ ಎಂದಿಟ್ಟುಕೊಳ್ಳಿ: ಅವರ ಮೂರು ಪ್ರಕರಣಕ್ಕೆ ದರ 1.0, ನಮ್ಮ ಒಂದಕ್ಕೆ ದರ 1.67. ಒಂದೇ ಪುಸ್ತಕದಲ್ಲಿ ಪ್ರತಿ ಗಾಯವನ್ನೂ ಬರೆದು, ಪಕ್ಕದಲ್ಲಿ ಎರಡು ಅಂಕಣ ಮಾಡಿ ಯಾವ ನಿಯಮದಡಿ ಬರುತ್ತದೆ ಎಂದು ಗುರುತು ಹಾಕಿದರೆ ಅನುಮಾನಕ್ಕೆ ಎಡೆಯಿರುವುದಿಲ್ಲ. ಎರಡು ಪುಸ್ತಕ ಮಾತ್ರ ಇಡಬೇಡಿ.

ಪ್ರಶ್ನೆ: ನನ್ನ ಅಣ್ಣ ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ ಗುತ್ತಿಗೆದಾರನ ಕೈಕೆಳಗೆ ಕೆಲಸ ಮಾಡುತ್ತಾನೆ. ಲ್ಯಾಡಲ್‌ಗೆ (ಕರಗಿದ ಲೋಹ ಹಿಡಿಯುವ ಪಾತ್ರೆಗೆ) ಲೋಹ ಸುರಿಯುವಾಗ ಸಿಡಿದು ಎರಡೂ ಕಾಲು ಸುಟ್ಟಿವೆ. ಗುತ್ತಿಗೆದಾರ ಖಾಸಗಿ ಆಸ್ಪತ್ರೆಗೆ ಸೇರಿಸಿ, ಮನೆಯಲ್ಲಿ ಬಿಸಿನೀರು ಬಿದ್ದಿತೆಂದು ಹೇಳಿರಿ, ಖರ್ಚೆಲ್ಲ ನಾನು ನೋಡಿಕೊಳ್ಳುತ್ತೇನೆ ಎಂದ. ಅತ್ತಿಗೆ ಹಾಗೇ ಹೇಳಿಬಿಟ್ಟರು. ಈಗ ಗುತ್ತಿಗೆದಾರ ಫೋನ್ ಎತ್ತುತ್ತಿಲ್ಲ. ಇಎಸ್‌ಐ ಕಾರ್ಡೂ ಇಲ್ಲ. ನಾವೇನು ಮಾಡಬೇಕು?

ಉತ್ತರ: ಮೊದಲು ನಿಮ್ಮ ಅತ್ತಿಗೆಯವರಿಗೆ ಧೈರ್ಯ ಹೇಳಿ. ಗಂಡ ಹಾಸಿಗೆಯಲ್ಲಿರುವಾಗ, ದುಡ್ಡು ಕೊಡುವವನು ಹೇಳಿದ ಮಾತನ್ನು ಹೇಳಿದ್ದರಲ್ಲಿ ಅವರ ತಪ್ಪು ನನಗೆ ಕಾಣುವುದಿಲ್ಲ. ಆದರೆ ಆ ಮಾತು ಆಸ್ಪತ್ರೆಯ ಕಾಗದದಲ್ಲಿ ಉಳಿದರೆ ನಾಳೆ ಪರಿಹಾರ ಕೇಳುವಾಗ ಅದೇ ಅಡ್ಡ ಬರುತ್ತದೆ. ಆದ್ದರಿಂದ ಇವತ್ತೇ ಚಿಕಿತ್ಸೆ ಕೊಡುತ್ತಿರುವ ವೈದ್ಯರನ್ನು ಕಂಡು, ಗಾಯ ಕೆಲಸದ ಜಾಗದಲ್ಲಿ ಇಂಥ ದಿನ ಇಂಥ ವೇಳೆಗೆ ಆದದ್ದೆಂದು ಲಿಖಿತವಾಗಿ ಕೊಟ್ಟು, ಕೇಸ್ ಶೀಟಿನಲ್ಲಿ ಸೇರಿಸಲು ಮತ್ತು ವೈದ್ಯಕೀಯ-ಕಾನೂನು ಪ್ರಕರಣವಾಗಿ ಪೊಲೀಸರಿಗೆ ತಿಳಿಸಲು ಕೇಳಿಕೊಳ್ಳಿ. ಕರಗಿದ ಲೋಹದ ಸುಟ್ಟಗಾಯಕ್ಕೂ ಬಿಸಿನೀರಿನ ಗಾಯಕ್ಕೂ ಇರುವ ವ್ಯತ್ಯಾಸ ವೈದ್ಯರಿಗೆ ಗೊತ್ತಾಗುತ್ತದೆ. ಬೂಟು, ಪ್ಯಾಂಟು ಸುಟ್ಟಿದ್ದರೆ ಎಸೆಯಬೇಡಿ.

ಎರಡನೆಯದಾಗಿ, ಗುತ್ತಿಗೆದಾರ ಕೈಕೊಟ್ಟನೆಂದು ಹತಾಶರಾಗಬೇಡಿ. ಫೌಂಡ್ರಿಯ ಮಾಲೀಕರೇ ಇಲ್ಲಿ ಪ್ರಧಾನ ಉದ್ಯೋಗದಾತರು. ಗುತ್ತಿಗೆ ಕಾರ್ಮಿಕರ ಇಎಸ್‌ಐ ವಂತಿಗೆಯನ್ನು ಮೊದಲು ಕಟ್ಟಿ ಆಮೇಲೆ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬೇಕಾದವರು ಅವರೇ. ತಿಂಗಳ ಕೂಲಿ 21,000 ರೂಪಾಯಿಯ ಒಳಗಿದ್ದು, ಆ ಫೌಂಡ್ರಿ ಇಎಸ್‌ಐ ವ್ಯಾಪ್ತಿಯಲ್ಲಿದ್ದರೆ, ಹೆಸರು ನೋಂದಾಯಿಸದೇ ಇದ್ದದ್ದು ಉದ್ಯೋಗದಾತರ ಲೋಪವಾಗುತ್ತದೆಯೇ ಹೊರತು ನಿಮ್ಮ ಅಣ್ಣನ ಹಕ್ಕು ಹೋಗುವುದಿಲ್ಲ. ನಿಗಮ ನೆರವು ಕೊಟ್ಟು ಉದ್ಯೋಗದಾತರಿಂದ ವಸೂಲು ಮಾಡಿಕೊಳ್ಳಬಹುದು. ವ್ಯಾಪ್ತಿಯಲ್ಲಿಲ್ಲದಿದ್ದರೆ ಉದ್ಯೋಗದಾತರೇ ನೇರವಾಗಿ ಪರಿಹಾರ ಕೊಡಬೇಕು; ಆ ಕೋರಿಕೆಯನ್ನು ಎರಡು ವರ್ಷದೊಳಗೆ ಸಲ್ಲಿಸಬೇಕು ಎಂಬುದನ್ನು ಮನಸ್ಸಿನಲ್ಲಿಡಿ, ಆದರೆ ಅಷ್ಟು ಕಾಲ ಕಾಯಬೇಡಿ.

ಗಾಯದ ಸೂಚನೆಯನ್ನು ಗಾಯಾಳುವೇ ಕೊಡಬೇಕೆಂದಿಲ್ಲ, ಅವನ ಪರವಾಗಿ ನೀವೂ ಕೊಡಬಹುದು. ಬಾಯಿಮಾತಿನಲ್ಲಿ ಕೊಟ್ಟರೂ ಸೂಚನೆಯೇ, ಆದರೆ ನೀವು ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ. ಒಂದೇ ಪತ್ರದ ಪ್ರತಿಗಳನ್ನು ಫೌಂಡ್ರಿಯ ಮಾಲೀಕರಿಗೆ, ಬೆಳಗಾವಿಯ ಕಾರ್ಖಾನೆಗಳ ಇಲಾಖೆಯ ಕಚೇರಿಗೆ, ಇಎಸ್‌ಐ ಶಾಖಾ ಕಚೇರಿಗೆ ಮತ್ತು ಕಾರ್ಮಿಕ ಇಲಾಖೆಗೆ ಕಳಿಸಿ, ಅಂಚೆ ರಸೀದಿಗಳನ್ನು ಇಟ್ಟುಕೊಳ್ಳಿ. ಗೇಟ್ ಪಾಸ್, ಹಾಜರಿ ಚೀಟಿ, ಕೂಲಿ ಬಂದ ಬ್ಯಾಂಕ್ ಸಂದೇಶ, ಗುತ್ತಿಗೆದಾರನ ವಾಟ್ಸ್ಆ್ಯಪ್ ಮಾತುಗಳು, ಆ ಪಾಳಿಯಲ್ಲಿದ್ದ ಇಬ್ಬರ ಹೇಳಿಕೆ ಇವು ನಿಮ್ಮ ಕೈಯಲ್ಲಿರಲಿ.

ಲೋಹ ಏಕೆ ಸಿಡಿಯಿತು ಎಂಬುದನ್ನೂ ಪತ್ರದಲ್ಲಿ ತಿಳಿದಷ್ಟು ಬರೆಯಿರಿ. ಲ್ಯಾಡಲ್ ಅಥವಾ ಅಚ್ಚು ಸರಿಯಾಗಿ ಒಣಗದೆ ತೇವ ಉಳಿದಿದ್ದರೆ, ಕರಗಿದ ಲೋಹ ತಗುಲಿದ ಕ್ಷಣದಲ್ಲಿ ಆ ನೀರು ಹಬೆಯಾಗಿ ಹಿಗ್ಗಿ ಲೋಹವನ್ನು ಎರಚುತ್ತದೆ. ಹಾಗಾಗದಂತೆ ಲ್ಯಾಡಲನ್ನು ಮೊದಲೇ ಕಾಯಿಸಿ ಒಣಗಿಸುವುದು, ಕಾಲಿಗೆ ರಕ್ಷಣೆಯ ಪಟ್ಟಿ ಮತ್ತು ಬೂಟು ಕೊಡುವುದು ಮಾಲೀಕರ ಹೊಣೆ, ಅದಕ್ಕಾಗಿ ಕಾರ್ಮಿಕನಿಂದ ಹಣ ಹಿಡಿಯುವಂತಿಲ್ಲ. ಮುಂದಿನ ವಾರ ಅದೇ ಲ್ಯಾಡಲ್ ಮುಂದೆ ಇನ್ನೊಬ್ಬರ ಅಣ್ಣ ನಿಂತಿರುತ್ತಾನೆ. ಆ ಕಾರಣಕ್ಕೂ ನಿಮ್ಮ ಪತ್ರ ಇಲಾಖೆಗೆ ತಲುಪಬೇಕು.

ಪ್ರಶ್ನೆ: ಹರಿಹರದ ನಮ್ಮ ಕಾರ್ಖಾನೆಯಲ್ಲಿ ಓವರ್‌ಹೆಡ್ ಕ್ರೇನಿನ ತಂತಿ ಹಗ್ಗ ತುಂಡಾಗಿ ಎರಡು ಟನ್ ಭಾರ ಕೆಳಗೆ ಬಿತ್ತು. ಊಟದ ಹೊತ್ತಾದ್ದರಿಂದ ಯಾರಿಗೂ ಏನೂ ಆಗಲಿಲ್ಲ. ಗಾಯವೇ ಇಲ್ಲದ ಮೇಲೆ ವರದಿ ಏಕೆ?

ಉತ್ತರ: ವರದಿ ಮಾಡಲೇಬೇಕು. ಕ್ರೇನು, ಹಾಯ್ಸ್ಟ್ ಕುಸಿಯುವುದು, ಭಾರ ಎತ್ತುವ ಹಗ್ಗ ಅಥವಾ ಸರಪಳಿ ತುಂಡಾಗುವುದು, ಒತ್ತಡದ ಪಾತ್ರೆ ಸಿಡಿಯುವುದು, ಛಾವಣಿ ಅಥವಾ ಗೋಡೆ ಕುಸಿಯುವುದು ಇವು ಅಪಾಯಕಾರಿ ಘಟನೆಗಳು. ಗಾಯವಾಗಲಿ ಬಿಡಲಿ, ತಿಳಿಸಬೇಕೆಂದು ಹಳೆಯ ಕಾಯ್ದೆಯೂ ಹೊಸ ಸಂಹಿತೆಯೂ ಹೇಳುತ್ತವೆ. ಕೆಳಗೆ ಯಾರೂ ಇರಲಿಲ್ಲ ಎಂಬುದು ಗಡಿಯಾರದ ಕೃಪೆ. ತುಂಡಾದ ಹಗ್ಗದ ಎರಡೂ ತುದಿಗಳನ್ನು ತೆಗೆದಿಡಿ, ಕ್ರೇನಿನ ಕಳೆದ ಪರೀಕ್ಷೆಯ ಪ್ರಮಾಣಪತ್ರವನ್ನು ಹುಡುಕಿ, ಅಧಿಕಾರಿ ಬಂದು ನೋಡುವವರೆಗೆ ಹೊಸ ಹಗ್ಗ ಹಾಕಿ ಓಡಿಸಬೇಡಿ.

ಪ್ರಶ್ನೆ: ನಾನು ಮದ್ದೂರಿನ ಕಡೆಯಿಂದ ದಿನವೂ ಗಾರ್ಮೆಂಟ್ಸ್‌ಗೆ ವ್ಯಾನಿನಲ್ಲಿ ಹೋಗಿ ಬರುತ್ತೇನೆ. ಬೆಳಿಗ್ಗೆ ಹೋಗುವಾಗ ವ್ಯಾನು ಉರುಳಿ ನನ್ನ ಭುಜದ ಮೂಳೆ ಮುರಿಯಿತು. ಗೇಟಿನೊಳಗೆ ಆಗದ ಗಾಯವನ್ನು ಪುಸ್ತಕದಲ್ಲಿ ಬರೆಯುವುದಿಲ್ಲ ಎಂದು ಕಚೇರಿಯಲ್ಲಿ ಹೇಳುತ್ತಾರೆ.

ಉತ್ತರ: ಬರೆಯಬೇಕು, ಅಕ್ಕ. ಮನೆಯಿಂದ ಕೆಲಸಕ್ಕೆ ಹೋಗುವಾಗ ಅಥವಾ ಕೆಲಸ ಮುಗಿಸಿ ಮನೆಗೆ ಬರುವಾಗ ಆದ ಅಪಘಾತ, ಅದರ ಸಮಯ, ಜಾಗ ಮತ್ತು ಸಂದರ್ಭಕ್ಕೆ ಕೆಲಸದೊಡನೆ ನಂಟಿದ್ದರೆ, ಕೆಲಸದ ಅಪಘಾತವೆಂದೇ ಎಣಿಕೆಯಾಗುತ್ತದೆ. 2010ರಲ್ಲಿ ಇಎಸ್‌ಐ ಕಾಯ್ದೆಗೆ ಈ ಕಲಮನ್ನು ಸೇರಿಸಲಾಯಿತು. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಇದೇ ತತ್ತ್ವವನ್ನು ನೌಕರರ ಪರಿಹಾರ ಕಾಯ್ದೆಗೂ ಅನ್ವಯಿಸಿತು. ಹೊಸ ಸಾಮಾಜಿಕ ಭದ್ರತಾ ಸಂಹಿತೆಯೂ ಅದನ್ನು ಒಪ್ಪಿಕೊಂಡಿದೆ. ವ್ಯಾನು ಕಂಪನಿಯದೋ, ಊರಿನವರೆಲ್ಲ ಸೇರಿ ಗೊತ್ತುಮಾಡಿದ್ದೋ ಎಂಬುದರಿಂದ ಇಲ್ಲಿ ಹಕ್ಕು ಕೆಡುವುದಿಲ್ಲ. ನಿಮ್ಮ ಪಾಳಿ ಎಷ್ಟು ಗಂಟೆಗೆ, ವ್ಯಾನು ಹೊರಟದ್ದು ಎಷ್ಟಕ್ಕೆ, ಉರುಳಿದ್ದು ಯಾವ ದಾರಿಯಲ್ಲಿ ಎಂಬುದನ್ನು ಬರೆದುಕೊಡಿ. ಪೊಲೀಸ್ ಠಾಣೆಯ ಎಫ್‌ಐಆರ್ ಪ್ರತಿ ಮತ್ತು ಜೊತೆಗಿದ್ದ ಇಬ್ಬರ ಹೆಸರು ಸೇರಿಸಿ. ಕಚೇರಿಯವರು ಆಗಲೂ ತೆಗೆದುಕೊಳ್ಳದಿದ್ದರೆ ನೇರವಾಗಿ ಇಎಸ್‌ಐ ಶಾಖಾ ಕಚೇರಿಗೆ ಕೊಡಿ. ಅಪಘಾತದ ದಿನದಿಂದ ಇಎಸ್‌ಐ ವೈದ್ಯರ ಪ್ರಮಾಣಪತ್ರ ಒಂದು ದಿನವೂ ತಪ್ಪದಂತೆ ನೋಡಿಕೊಳ್ಳಿ.

ಪ್ರಶ್ನೆ: ಇಳಕಲ್ಲಿನ ಗ್ರಾನೈಟ್ ಪಾಲಿಶ್ ಘಟಕದಲ್ಲಿ ಹಲವು ವರ್ಷ ದುಡಿದ ಕಾರ್ಮಿಕರೊಬ್ಬರಿಗೆ ಈಗ ಏದುಸಿರು. ಟಿ.ಬಿ. ಎಂದು ಮಾತ್ರೆ ಕೊಡುತ್ತಿದ್ದಾರೆ. ಬಿದ್ದು ಏಟಾಗಿಲ್ಲ, ಯಂತ್ರಕ್ಕೆ ಸಿಕ್ಕಿಲ್ಲ. ಇದು ಯಾವ ಪುಸ್ತಕಕ್ಕೂ ಸೇರದೇ?

ಉತ್ತರ: ಸೇರುತ್ತದೆ, ಮತ್ತು ಅತಿ ಹೆಚ್ಚು ಬಿಟ್ಟುಹೋಗುವುದು ಇದೇ. ಗ್ರಾನೈಟಿನ ಸಿಲಿಕಾ ದೂಳು ಶ್ವಾಸಕೋಶದಲ್ಲಿ ಸೇರಿ ಗಾಯದ ಕಲೆಗಳಂತೆ ಗಟ್ಟಿಯಾಗುವುದೇ ಸಿಲಿಕೋಸಿಸ್. ಒಮ್ಮೆ ಬಂದರೆ ಹಿಂದಿರುಗಿಸುವ ಮದ್ದಿಲ್ಲ. ಅದು ಬಂದವರಿಗೆ ಟಿ.ಬಿ. ತಗಲುವ ಸಾಧ್ಯತೆಯೂ ಹೆಚ್ಚು, ಎಕ್ಸ್‌ರೇಯಲ್ಲಿ ಒಂದನ್ನು ಇನ್ನೊಂದೆಂದು ತಿಳಿಯುವ ಸಂಭವವೂ ಇದೆ. ಆದ್ದರಿಂದ ವೈದ್ಯರ ಮುಂದೆ ಕೂತಾಗ ಮೊದಲು ಹೇಳಬೇಕಾದದ್ದು ಕೆಮ್ಮಿನ ವಿಷಯವಲ್ಲ. ಎಷ್ಟು ವರ್ಷ, ಯಾವ ಕಲ್ಲು, ಒಣಗಿದ ಕಲ್ಲಿನ ಮೇಲೆ ಗ್ರೈಂಡರ್ ಹಿಡಿದದ್ದೋ ನೀರು ಬಿಟ್ಟುಕೊಂಡೋ ಎಂಬುದು.

ಸಿಲಿಕೋಸಿಸ್ ತಿಳಿಸಲೇಬೇಕಾದ ರೋಗಗಳ ಪಟ್ಟಿಯಲ್ಲಿದೆ. ಸಂಸ್ಥೆಯೂ ತಿಳಿಸಬೇಕು, ರೋಗ ಕಂಡ ವೈದ್ಯರೂ ಕಾರ್ಖಾನೆಗಳ ಇಲಾಖೆಗೆ ವರದಿ ಕಳಿಸಬೇಕು. ಇಎಸ್‌ಐ ವಿಮಾದಾರರಾಗಿದ್ದರೆ ಇದು ವೃತ್ತಿಜನ್ಯ ರೋಗವಾಗಿ, ಕೆಲಸದ ಗಾಯಕ್ಕೆ ಸಮನಾಗಿ ಎಣಿಕೆಯಾಗುತ್ತದೆ. ಭೋಪಾಲದ ದುರಂತದ ನಂತರ 1987ರಲ್ಲಿ ಕಾರ್ಖಾನೆಗಳ ಕಾಯ್ದೆಗೆ ಸೇರಿದ ಅಧ್ಯಾಯ, ಅಪಾಯಕಾರಿ ಪ್ರಕ್ರಿಯೆಗಳಲ್ಲಿ ದುಡಿಯುವವರ ಆರೋಗ್ಯದ ದಾಖಲೆಯನ್ನು ಇಟ್ಟು, ಅದನ್ನು ಕಾರ್ಮಿಕರಿಗೆ ನೋಡಲು ಕೊಡಬೇಕೆಂದು ಹೇಳಿತು. ದೂಳಿನ ರೋಗ ಕಾಣಿಸಿಕೊಳ್ಳಲು ವರ್ಷಗಳು ಬೇಕಾಗುವುದರಿಂದ, ಅಷ್ಟರಲ್ಲಿ ಕಾರ್ಮಿಕರು ನಾಲ್ಕು ಘಟಕ ಬದಲಿಸಿರುವುದರಿಂದ, ಅವರ ಕೈಯಲ್ಲಿ ತಮ್ಮದೇ ಎಕ್ಸ್‌ರೇ ಮತ್ತು ದುಡಿದ ಘಟಕಗಳ ಪಟ್ಟಿ ಇರಬೇಕೆಂದು ನಾನು ಒತ್ತಿ ಹೇಳುತ್ತೇನೆ. ಘಟಕ ಚಿಕ್ಕದಾಗಿ ಹತ್ತು ಜನರೂ ಇಲ್ಲದಿದ್ದರೂ, ಅಪಾಯಕಾರಿ ಕೆಲಸ ನಡೆಯುವ ಕಡೆ ಒಬ್ಬನೇ ಕೆಲಸಗಾರನಿದ್ದರೂ ಸಂಹಿತೆಯನ್ನು ಅನ್ವಯಿಸುವ ಅಧಿಕಾರ ಸರ್ಕಾರಕ್ಕಿದೆ. ಇಳಕಲ್ಲಿನಂಥ ಊರಿನ ಕಾರ್ಮಿಕರು ಸೇರಿ ಆ ಬೇಡಿಕೆಯನ್ನು ಇಲಾಖೆಯ ಮುಂದಿಡಬಹುದು.

ಸದ್ಯಕ್ಕೆ ಆ ಕಾರ್ಮಿಕರನ್ನು ಜಿಲ್ಲಾ ಆಸ್ಪತ್ರೆಗೋ ವೈದ್ಯಕೀಯ ಕಾಲೇಜಿನ ಎದೆರೋಗ ವಿಭಾಗಕ್ಕೋ ಕರೆದೊಯ್ಯಿರಿ, ಟಿ.ಬಿ. ಮಾತ್ರೆಯನ್ನು ವೈದ್ಯರು ಹೇಳದೆ ನಿಲ್ಲಿಸಬೇಡಿ, ಕೆಲಸದ ಚರಿತ್ರೆಯನ್ನು ಚೀಟಿಯಲ್ಲಿ ಬರೆಸಿಕೊಳ್ಳಿ, ಮತ್ತು ಅದೇ ಘಟಕದಲ್ಲಿ ಅವರ ಪಕ್ಕದಲ್ಲಿ ನಿಂತು ಪಾಲಿಶ್ ಮಾಡುತ್ತಿದ್ದವರನ್ನೂ ಜೊತೆಗೆ ಕರೆದುಕೊಂಡು ಹೋಗಿ ಎಕ್ಸ್‌ರೇ ತೆಗೆಸಿ.